ನೆನಪಿನಲ್ಲಿದ್ದೆ ಅಂದರೆ ಸಾಕಾ?

ಪ್ರಶ್ನೆ: 'ಆಲ್ವೇಸ್ ಆನ್ ಮೈ ಮೈಂಡ್' ಎಲ್ವಿಸ್ ಪ್ರೀಸ್ಲಿಯ ಹಾಡು ಅಂತ ನಾನು, ಅಲ್ಲ ವಿಲ್ಲಿ ನೆಲ್ಸನ್‌ದು ಅಂತ ನಮ್ಮ ಭಾವ. ನೂರು ರೂಪಾಯಿ ಬಾಜಿ ಬೇರೆ ಕಟ್ಟಿದ್ದೇವೆ. ಯಾರು ಸರಿ?
– ಭಾವನ ಜೊತೆ ಜಗಳಕ್ಕೆ ನಿಂತವರು, ಹಾಸನ

ಉತ್ತರ: ಇಬ್ಬರೂ ದುಡ್ಡು ವಾಪಸ್ ತಗೊಳ್ಳಿ. ಅಮೆರಿಕದ ರಾಕ್ ಗಾಯಕ ಎಲ್ವಿಸ್, ಅಲ್ಲಿನದೇ ಕಂಟ್ರಿ (ಹಳ್ಳಿಗಾಡಿನ ಶೈಲಿಯ) ಗಾಯಕ ನೆಲ್ಸನ್ ಇಬ್ಬರೂ ಹಾಡಿದ್ದಾರೆ, ಬರೆದವರು ಮಾತ್ರ ಬೇರೆ: ವೇಯ್ನ್ ಕಾರ್ಸನ್, ಜಾನಿ ಕ್ರಿಸ್ಟೋಫರ್, ಮಾರ್ಕ್ ಜೇಮ್ಸ್. ಕಾರ್ಸನ್ ಹೇಳಿಕೊಂಡ ಕಥೆ ಕೇಳಿ. ಕೆಲಸಕ್ಕೆ ಅಂತ ಮೆಂಫಿಸ್‌ಗೆ ಹೋದವರು ಅಂದುಕೊಂಡಿದ್ದಕ್ಕಿಂತ ಜಾಸ್ತಿ ದಿನ ಅಲ್ಲೇ ಉಳಿದರು, ಮನೆಯಲ್ಲಿ ಹೆಂಡತಿಗೆ ಸಿಟ್ಟು ಬಂತು, ಸಮಾಧಾನ ಮಾಡಲು ಫೋನಿನಲ್ಲಿ 'ದೂರ ಇದ್ದರೂ ನಿನ್ನದೇ ಯೋಚನೆ' ಅಂದರು. ಅಂದ ಕೂಡಲೇ ಅರೆ, ಇದು ಹಾಡಾಗುತ್ತಲ್ವಾ ಅನ್ನಿಸಿತಂತೆ. ಆಮೇಲೆ ಏನು ಮಾಡಿದರು ಗೊತ್ತಾ? ಬರೆದುಕೊಳ್ಳಬೇಕು ಅಂತ ಅವಸರದಲ್ಲಿ ಫೋನ್ ಇಟ್ಟುಬಿಟ್ಟರು! ಪಾಪ ಆಕೆ.

ಎಲ್ವಿಸ್ ಇದನ್ನು ಹಾಡಿದ್ದು 1972ರ ಮಾರ್ಚ್‌ನಲ್ಲಿ, ಹೆಂಡತಿ ಪ್ರಿಸಿಲ್ಲಾ ಬಿಟ್ಟುಹೋದ ಹೊಸತರಲ್ಲಿ. ಗಾಯಕಿ ಬ್ರೆಂಡಾ ಲೀ ಹಾಡಿದ್ದೂ ಅದೇ ವರ್ಷ. ನೆಲ್ಸನ್ ಬಂದದ್ದು ಹತ್ತು ವರ್ಷ ತಡವಾಗಿ, 1982ರಲ್ಲಿ.

ಪ್ರಶ್ನೆ: ಎಲ್ವಿಸ್ ದನಿ ಎಷ್ಟು ತುಂಬಿದೆ! ನೆಲ್ಸನ್ ಮೂಗಿನಲ್ಲಿ ಮಾತಾಡಿದ ಹಾಗಿದೆ. ಆದರೂ ಜನ ಅವರನ್ನೇ ಹೊಗಳುವುದು ಯಾಕೆ?
– ಒಬ್ಬ ಸಂಗೀತದ ಮೇಷ್ಟ್ರು, ಧಾರವಾಡ

ಉತ್ತರ: ಮೇಷ್ಟ್ರೇ, ಮಾತಾಡಿದ ಹಾಗಿದೆ ಅಂತ ನೀವೇ ಅಂದಿರಲ್ಲ, ಗುಟ್ಟು ಅದೇ. ಶುರುವಿನಲ್ಲಿ ಪಿಯಾನೊ, ಆಮೇಲೆ ಒಣಗಿದ ಆ ದನಿ. ನೆಲ್ಸನ್ ತಾಳಕ್ಕಿಂತ ಸ್ವಲ್ಪ ಹಿಂದೆ ಹಿಂದೆ ಬರುತ್ತಾರೆ, ಹೇಳಲೋ ಬೇಡವೋ ಅಂತ ಅನುಮಾನಿಸುವ ಗಂಡಸಿನ ಹಾಗೆ. ಹಾಡಿನಲ್ಲಿ ಮೋಸ ಇಲ್ಲ, ಕುಡಿತ ಇಲ್ಲ, ಹೊಡೆದಾಟ ಇಲ್ಲ. ಇರುವುದೆಲ್ಲ ಚಿಕ್ಕ ಪುಟ್ಟ ತಪ್ಪು: ಹೇಳಬೇಕಾದ ಒಂದು ಮಾತು ಹೇಳಲಿಲ್ಲ, ಒಂಟಿಯಾಗಿದ್ದಾಗ ಕೈ ಹಿಡಿಯಲಿಲ್ಲ, ಸಮಯ ಕೊಡಲಿಲ್ಲ. ಇಷ್ಟಕ್ಕೆ ಗಂಟಲು ಬಿರಿಯುವ ಹಾಗೆ ಹಾಡಿದರೆ ಸುಮ್ನೆ ನಾಟಕ ಅನ್ನಿಸುತ್ತದೆ, ಎಲ್ವಿಸ್ ಹಾಡಿದಾಗ ನನಗೆ ಒಮ್ಮೊಮ್ಮೆ ಹಾಗೇ ಅನ್ನಿಸಿದೆ (ಎಲ್ವಿಸ್ ಭಕ್ತರು ಕ್ಷಮಿಸಿ). ನೆಲ್ಸನ್ ಹಾಡಿದ್ದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಮರುವರ್ಷ ಗ್ರ್ಯಾಮಿ ಸಂಗೀತ ಪ್ರಶಸ್ತಿಗಳಲ್ಲಿ ವರ್ಷದ ಹಾಡು ಅನ್ನಿಸಿಕೊಂಡಿತು, ನೆಲ್ಸನ್ ಹಾಡುಗಾರಿಕೆಗೂ ಒಂದು ಗ್ರ್ಯಾಮಿ ಸಿಕ್ಕಿತು.

ಪ್ರಶ್ನೆ: ನಮ್ಮ ಯಜಮಾನರು ಭಾನುವಾರ ಈ ಹಾಡು ಹಾಕಿಕೊಂಡು ಕಣ್ಣು ಒರೆಸಿಕೊಳ್ಳುತ್ತಾರೆ. ಸೋಮವಾರ ಫೋನ್ ಮಾಡಿದರೆ ಎತ್ತುವುದಿಲ್ಲ. ಇದನ್ನು ಕ್ಷಮೆ ಅಂತ ತಗೊಳ್ಳಲಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬೇಡಮ್ಮ. ಹಾಡಿನಲ್ಲಿರುವವನ ಕಷ್ಟವೂ ಇದೇ ಅಲ್ವಾ? ನೀನು ಸದಾ ನೆನಪಿನಲ್ಲಿದ್ದೆ ಅಂತಾನೆ, ಇದ್ದದ್ದು ಅವನ ತಲೆಯಲ್ಲಿ, ಆಕೆಗೆ ಗೊತ್ತಾಗುವುದಾದರೂ ಹೇಗೆ? ಆದರೂ ಅವನು ಪರವಾಗಿಲ್ಲ, ತಪ್ಪು ತನ್ನದೇ ಅಂತ ಒಪ್ಪಿಕೊಂಡು ಇನ್ನೊಂದು ಅವಕಾಶ ಕೇಳುತ್ತಾನೆ. ನಿಮ್ಮವರು ಅಷ್ಟೂ ಮಾಡಿದ ಹಾಗೆ ಕಾಣಲಿಲ್ಲ. ಮುಂದಿನ ಭಾನುವಾರ ಹಾಡು ನಡೆಯುತ್ತಿರುವಾಗಲೇ ಅಡುಗೆಮನೆಯಿಂದ ಅವರ ಮೊಬೈಲ್‌ಗೆ ಒಂದು ಕಾಲ್ ಕೊಡಿ. ಎತ್ತಿದರೆ ನನಗೂ ಬರೆದು ತಿಳಿಸಿ.