ತೋಟದಲ್ಲಿ ಕಂಡ ಬಿಳಿ ಹಾವು ಬೇರೆ ಉಪಜಾತಿಯೇ?

ಬಹುಮಟ್ಟಿಗೆ ಅಲ್ಲ. ಮೈ ಬೆಳ್ಳಗಿದ್ದು ಕಣ್ಣು ಕೆಂಪಗಿದ್ದರೆ ಅದು ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವಿಲ್ಲದ ಅಲ್ಬಿನೋ. ಹೆತ್ತ ಹಾವುಗಳೆರಡೂ ನೋಡಲು ಮಾಮೂಲಿಯಾಗಿಯೇ ಇದ್ದಿರಬಹುದು. ಹಾಗಾಗಿ ಬಣ್ಣದಿಂದ ಅದು ಯಾವ ಜಾತಿಯ ಹಾವೆಂದು ತಿಳಿಯದು, ಹುರುಪೆ ಎಣಿಸಬೇಕು. ಕೊಡಗಿನ ತೋಟಗಳಲ್ಲಿ ಕಾಫಿ ಗಿಡದ ಬುಡದಲ್ಲಿ ಪೊರೆ ಸಿಗುವುದುಂಟು, ಅಷ್ಟು ಸಾಕು. ಹೊಟ್ಟೆಯಡಿಯ ಅಗಲ ಹುರುಪೆ ಬಿಟ್ಟು, ನಡುಮೈಯಲ್ಲಿ ಅಂಚಿನಿಂದ ಅಂಚಿಗೆ ಓರೆಯಾಗಿ ಎಣಿಸಿ: ಕೇರೆಗೆ ಸಾಮಾನ್ಯವಾಗಿ 17 ಸಾಲು, ನಾಗರಕ್ಕೆ 21ರಿಂದ 25. ಹೆಡೆಯ ಹತ್ತಿರ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಅಲ್ಲಿ ಸಾಲು ಹೆಚ್ಚು. ಗುದದ್ವಾರ ಮುಚ್ಚುವ ಹುರುಪೆ ಕೇರೆಗೆ ಎರಡಾಗಿ ಸೀಳಿರುತ್ತದೆ, ನಾಗರಕ್ಕೆ ಇಡಿಯಾಗಿರುತ್ತದೆ. ಉದ್ದವನ್ನಂತೂ ನಂಬಬೇಡಿ, ಕಳಚುವಾಗ ಪೊರೆ ಹಿಗ್ಗುತ್ತದೆ. ಹಿಡಿದು ಸಾಕುವ ಯೋಚನೆಯಿದ್ದರೆ ಬಿಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.