ಸಾವಿರ ಕ್ಯಾಚ್ ಹಿಡಿದ ರಿಸೀವರ್‌ಗಳೆಲ್ಲ ಹಾಲ್ ಆಫ್ ಫೇಮ್‌ಗೆ ಅರ್ಹರೇ?

ಎಸೆದ ಚೆಂಡನ್ನು ಹಿಡಿದು ಓಡುವ ರಿಸೀವರ್‌ಗಳ ಪೈಕಿ ಸಾವಿರ ಕ್ಯಾಚ್ ಮುಟ್ಟಿದ ರೆಜಿ ವೇನ್, ಸ್ಟೀವ್ ಸ್ಮಿತ್, ಹೈನ್ಸ್ ವಾರ್ಡ್ ಹೊರಗೆ ಕಾಯುತ್ತಿರುವಾಗ ಆರುನೂರು ಕ್ಯಾಚ್ ಕೂಡ ಇಲ್ಲದ ಸ್ಟರ್ಲಿಂಗ್ ಶಾರ್ಪ್ 2025ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಶ್ರೇಷ್ಠರ ಗೌರವಸಾಲಾದ ಹಾಲ್ ಆಫ್ ಫೇಮ್ ಸೇರಿದ್ದು ಅನ್ಯಾಯವಲ್ಲವೇ, ಈ ಮೂವರನ್ನು ಯಾವ ಕ್ರಮದಲ್ಲಿ ಸೇರಿಸಬೇಕು ಎಂದು ಕೇಳಿದ್ದೀರಿ. ನೀವು ಲಗತ್ತಿಸಿರುವ, ಒಟ್ಟು ಕ್ಯಾಚ್‌ಗಳ ಪಟ್ಟಿಯನ್ನು ನೋಡಿ ನನಗೆ ನಗು ಬಂತು. ಇದೇ ಪಟ್ಟಿ, ಇದೇ ಇಳಿಕೆಯ ಕ್ರಮದಲ್ಲಿ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಇಂದಿಗೂ ಇದೆ, ಮತ್ತು ಅದನ್ನು ನಂಬಿ ನಾನು ಸಾಕಷ್ಟು ಹಣ ಕಳೆದುಕೊಂಡಿದ್ದೇನೆ.

ನಾನು ಮೈಸೂರಿನವನು. ಕೆಲಸದ ನಿಮಿತ್ತ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಸಮೀಪ ಬಂದು ನೆಲೆಸಿದಾಗ ಕಚೇರಿಯ ಊಟದ ಮೇಜಿನಲ್ಲಿ ಈ ಆಟವನ್ನು ಬಿಟ್ಟು ಬೇರೆ ಮಾತೇ ಇರುತ್ತಿರಲಿಲ್ಲ. ಆಟದ ಒಳಸೂಕ್ಷ್ಮ ತಿಳಿಯದವನಿಗೆ ಅಂಕಿಅಂಶಗಳೇ ಗತಿ. ಕ್ರಿಕೆಟ್ ಸ್ಕೋರುಗಳನ್ನು ಬಾಯಿಪಾಠ ಮಾಡಿಕೊಂಡು ಬೆಳೆದವರಿಗೆ ಅದು ಕಷ್ಟವೂ ಅಲ್ಲ. ಹಾಲ್ ಆಫ್ ಫೇಮ್ ಇರುವ ಕ್ಯಾಂಟನ್ ಪಟ್ಟಣ ನಮ್ಮಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಲ್ಲಿನ ಕಂಚಿನ ಪ್ರತಿಮೆಗಳ ಸಾಲನ್ನು ನೋಡಿ ಬಂದ ಮೇಲೆ, ಮುಂದೆ ಯಾರ ಪ್ರತಿಮೆ ಬರುತ್ತದೆ ಎಂಬುದನ್ನು ಲೆಕ್ಕದಿಂದಲೇ ಹೇಳಬಹುದು ಎಂಬ ಹುಮ್ಮಸ್ಸು ನನಗೆ ಹುಟ್ಟಿತು.

ಆ ಹುಮ್ಮಸ್ಸಿಗೆ ಒಂದು ವ್ಯಾಪಾರದ ಆಸೆಯೂ ಅಂಟಿಕೊಂಡಿತು. ಆಟಗಾರರು ಸಹಿ ಮಾಡಿದ ಜೆರ್ಸಿ, ಹೆಲ್ಮೆಟ್ಟುಗಳಿಗೆ ಇಲ್ಲಿ ದೊಡ್ಡ ಮಾರುಕಟ್ಟೆಯಿದೆ. ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಮೇಲೆ ಆಟಗಾರನು ಸಹಿಯ ಕೆಳಗೆ ಆಯ್ಕೆಯಾದ ವರ್ಷವನ್ನೂ ಬರೆದುಕೊಡುತ್ತಾನೆ, ಅಂಥ ವಸ್ತುವಿಗೆ ಬೆಲೆ ಹೆಚ್ಚು. ಆಯ್ಕೆಗೆ ಮುಂಚೆಯೇ ಕೊಂಡು, ಆಮೇಲೆ ವರ್ಷ ಬರೆಸಿಕೊಂಡು ಮಾರಿದರೆ ಲಾಭ ಖಚಿತವೆಂದು ನಾನು ಭಾವಿಸಿದೆ.

ನಾನು ಮಾಡಿದ ತಪ್ಪು ಯಾವುದೆಂದರೆ, ಎಕ್ಸೆಲ್ ಹಾಳೆಯಲ್ಲಿ ವೃತ್ತಿಜೀವನದ ಒಟ್ಟು ಕ್ಯಾಚ್‌ಗಳ ಕಾಲಮ್ಮನ್ನು ಆರಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಸಾವಿರದ ಕೆಳಗೆ ಕೆಂಪು ಗೆರೆ ಎಳೆದದ್ದು. ಗೆರೆಯ ಮೇಲೆ 1,549 ಕ್ಯಾಚ್‌ಗಳ ಜೆರ್ರಿ ರೈಸ್, 1,102ರ ಮಾರ್ವಿನ್ ಹ್ಯಾರಿಸನ್, 1,101ರ ಕ್ರಿಸ್ ಕಾರ್ಟರ್, 1,094ರ ಟಿಮ್ ಬ್ರೌನ್, 1,078ರ ಟೆರೆಲ್ ಓವೆನ್ಸ್ ಇದ್ದರು, ಎಲ್ಲರೂ ಆಗಲೇ ಆಯ್ಕೆಯಾದವರು. 2020ರಲ್ಲಿ 1,024 ಕ್ಯಾಚ್‌ಗಳ ಐಸಾಕ್ ಬ್ರೂಸ್ ಕೂಡ ಆಯ್ಕೆಯಾದಾಗ ನನ್ನ ಗೆರೆ ಶಿಲಾಶಾಸನವೇ ಆಗಿಹೋಯಿತು. ಆಗ ಅರ್ಹರಾಗಿದ್ದ ಉಳಿದವರಲ್ಲಿ 1,070ರ ವೇನ್ ಮತ್ತು ಸರಿಯಾಗಿ 1,000ದ ವಾರ್ಡ್ ಸರದಿಯಲ್ಲಿ ನಿಂತಿದ್ದಾರೆ, ಅಷ್ಟೇ ಎಂದುಕೊಂಡು ಇಬ್ಬರ ಜೆರ್ಸಿಗಳನ್ನೂ ಕೊಂಡೆ. ವೇನ್‌ನ ನೀಲಿ 87ರಲ್ಲಿ ಸಹಿಯು ಎಂಟರ ಮೇಲಿನ ಸುತ್ತಿನೊಳಗೆ ಬಿದ್ದಿರುವಂಥದ್ದನ್ನೇ ಹುಡುಕಿ ಆರಿಸಿದ್ದೆ. ಕೆಳಗಿನ ಸುತ್ತು ವರ್ಷ ಬರೆಸುವುದಕ್ಕೆ ಖಾಲಿಯಿರಲಿ ಎಂಬುದು ನನ್ನ ಮುಂದಾಲೋಚನೆ. ಆ ಬಿಳಿ ಜಾಗ ಇನ್ನೂ ಬಿಳಿಯಾಗಿಯೇ ಇದೆ. ವಾರ್ಡ್‌ನ ಜೆರ್ಸಿಯನ್ನು ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಮಾರಬೇಕಾಯಿತು.

ಏಕೆಂದರೆ 2021ರಲ್ಲಿ ಕ್ಯಾಲ್ವಿನ್ ಜಾನ್ಸನ್ ಬಂದ. ಅವನು ಆಡಿದ್ದು ಕೇವಲ ಒಂಬತ್ತು ಋತು, ಹಿಡಿದದ್ದು 731 ಕ್ಯಾಚ್; ಅರ್ಹನಾದ ಮೊದಲ ವರ್ಷವೇ ಆಯ್ಕೆಯಾದ. ಅದನ್ನು ಅಪವಾದವೆಂದು ತಳ್ಳಿಹಾಕಿದೆ. 2024ರಲ್ಲಿ ಆಂಡ್ರೆ ಜಾನ್ಸನ್ ಆಯ್ಕೆಯಾದಾಗ ಮಾತ್ರ ತಳ್ಳಿಹಾಕಲು ಜಾಗವಿರಲಿಲ್ಲ. ವೇನ್ 1,070 ಕ್ಯಾಚ್, 14,345 ಯಾರ್ಡ್ (ಆ ಕ್ಯಾಚ್‌ಗಳಿಂದ ತಂಡ ಮುಂದೆ ಸಾಗಿದ ದೂರ), 82 ಟಚ್‌ಡೌನ್ (ಎದುರಾಳಿಯ ಗಡಿಗೆರೆ ದಾಟಿ ಅಂಕ ಗಳಿಸಿದ್ದು). ಆಂಡ್ರೆ 1,062 ಕ್ಯಾಚ್, 14,185 ಯಾರ್ಡ್, 70 ಟಚ್‌ಡೌನ್. ಮೂರೂ ಕಾಲಮ್ಮಿನಲ್ಲಿ ಹಿಂದಿರುವವನು ಮುಂದೆ ಹೋದ. ಆಮೇಲೆಯೇ ನಾನು ಋತುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದು. ಆಂಡ್ರೆ 2008 ಮತ್ತು 2009ರಲ್ಲಿ ಸತತವಾಗಿ ಇಡೀ ಲೀಗಿನಲ್ಲಿ ಅತಿ ಹೆಚ್ಚು ಯಾರ್ಡ್ ಗಳಿಸಿದವನು, ಎರಡೂ ವರ್ಷ ಆಲ್-ಪ್ರೊ, ಅಂದರೆ ಲೀಗಿನ ಆ ವರ್ಷದ ಶ್ರೇಷ್ಠರ, ಮೊದಲ ತಂಡದಲ್ಲಿದ್ದವನು. ಅವನಿಗೆ ಚೆಂಡು ಎಸೆಯುತ್ತಿದ್ದದ್ದು ಮ್ಯಾಟ್ ಶಾಬ್, ವೇನ್‌ಗೆ ಎಸೆಯುತ್ತಿದ್ದ ದಿಗ್ಗಜ ಪೇಟನ್ ಮ್ಯಾನಿಂಗ್ ಅಲ್ಲ.

ಈ ತಪ್ಪಿನ ಬುಡ ಎಲ್ಲಿತ್ತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪಟ್ಟಿಯೂ ಅದೇ ಬುಡದ ಮೇಲೆ ನಿಂತಿದೆ. ಒಟ್ಟು ಕ್ಯಾಚ್ ಎಂಬ ಒಂದೇ ಸಂಖ್ಯೆಯೊಳಗೆ ಆಟಗಾರನ ಸಾಮರ್ಥ್ಯ, ಅವನು ಆಡಿದ ವರ್ಷಗಳು, ಅವನ ಕಾಲದಲ್ಲಿ ತಂಡಗಳು ಎಷ್ಟು ಬಾರಿ ಚೆಂಡನ್ನು ಗಾಳಿಯಲ್ಲಿ ಎಸೆಯುತ್ತಿದ್ದವು ಎಂಬುದು, ಎಲ್ಲವೂ ಕಲಸಿಹೋಗಿರುತ್ತವೆ. 1977ರವರೆಗೆ ಋತುವಿಗೆ 14 ಪಂದ್ಯಗಳಿದ್ದವು. 1978ರಲ್ಲಿ 16 ಆದವು, 2021ರಿಂದ 17. ಅದೇ 1978ರಲ್ಲಿ, ಡಿಫೆಂಡರ್ ಆದವನು ಐದು ಯಾರ್ಡ್ ದಾಟಿದ ಮೇಲೆ ರಿಸೀವರನ್ನು ತಡೆದು ನೂಕುವಂತಿಲ್ಲ ಎಂಬ ನಿಯಮ ಬಂತು. 2004ರಲ್ಲಿ ಅದನ್ನು ಇನ್ನಷ್ಟು ಬಿಗಿಯಾಗಿ ಜಾರಿಗೆ ತಂದರು. 1978ಕ್ಕೂ ಮುಂಚೆ ರಿಸೀವರ್ ಅಂಗಳದುದ್ದಕ್ಕೂ ಏಟು ತಿನ್ನುತ್ತಲೇ ಓಡಬೇಕಿತ್ತು. 1984ರಲ್ಲಿ ಆರ್ಟ್ ಮಾಂಕ್ ಒಂದೇ ಋತುವಿನಲ್ಲಿ 106 ಕ್ಯಾಚ್ ಹಿಡಿದದ್ದು ದಾಖಲೆಯಾಗಿತ್ತು. 2002ರಲ್ಲಿ ಹ್ಯಾರಿಸನ್ 143 ಹಿಡಿದ, 2019ರಲ್ಲಿ ಮೈಕೆಲ್ ಥಾಮಸ್ 149. ಹಾಗೆಂದು ಥಾಮಸ್ ಮಾಂಕ್‌ನ ಒಂದೂವರೆ ಪಟ್ಟು ಆಟಗಾರನೆಂದು ಯಾರೂ ಹೇಳುವುದಿಲ್ಲ. ನಮ್ಮ ಗುಂಡಪ್ಪ ವಿಶ್ವನಾಥ್ ಅವರ 6,080 ಟೆಸ್ಟ್ ರನ್ನುಗಳನ್ನು ಇಂದಿನವರ ಮೊತ್ತದ ಕೆಳಗೆ ಜೋಡಿಸಿ ತೀರ್ಪು ಕೊಟ್ಟರೆ 1975ರ ಚೆಪಾಕ್‌ನ ಆ ಔಟಾಗದ 97ನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ? ಭದ್ರಾವತಿಯ ವಿಶಿಗೆ ಎಂದಿಗೂ ಅನ್ವಯಿಸದ ಅಳತೆಯನ್ನು ನಾನು ಅಮೆರಿಕದವರಿಗೆ ಕಣ್ಣುಮುಚ್ಚಿಕೊಂಡು ಅನ್ವಯಿಸಿದ್ದೆ.

ಬುಡದಲ್ಲಿ ಇನ್ನೊಂದು ಬೇರೂ ಇತ್ತು. ಆಯ್ಕೆಯೆಂದರೆ ಪರೀಕ್ಷೆ, ಇಂತಿಷ್ಟು ಅಂಕ ಬಂದರೆ ಪಾಸು ಎಂದು ನಾನು ತಿಳಿದಿದ್ದೆ. ವಾಸ್ತವದಲ್ಲಿ ಅದು ಸೀಟುಗಳ ಲೆಕ್ಕ. ನಿವೃತ್ತಿಯಾಗಿ ಐದು ವರ್ಷ ಕಳೆದವರ ಹೆಸರುಗಳನ್ನು ಸೋಸುತ್ತ ಬಂದು ಕೊನೆಗೆ ಹದಿನೈದು ಮಂದಿಯನ್ನು ಆಯ್ಕೆ ಸಮಿತಿಯ ಮುಂದಿಡುತ್ತಾರೆ. ಸಮಿತಿಯಲ್ಲಿ ಹೆಚ್ಚಿನವರು ಪತ್ರಕರ್ತರು. ವರ್ಷಕ್ಕೆ ಹೆಚ್ಚೆಂದರೆ ಐವರು ಇತ್ತೀಚಿನ ಆಟಗಾರರು ಆಯ್ಕೆಯಾಗಬಹುದು, ಪ್ರತಿಯೊಬ್ಬನಿಗೂ ಶೇಕಡಾ 80ರಷ್ಟು ಮತ ಬೇಕು. ಕಾರ್ಟರ್, ಬ್ರೌನ್ ಮತ್ತು ಬಫಲೋ ತಂಡದ ಆಂಡ್ರೆ ರೀಡ್ ಮೂವರೂ ಒಟ್ಟಿಗೆ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡದ್ದು ಹೀಗೆಯೇ. ಮತಗಳು ಮೂರು ಪಾಲಾದವು, ಮೂವರೂ ವರ್ಷಗಟ್ಟಲೆ ಹೊರಗುಳಿದರು. ಕೊನೆಗೆ 2013ರಲ್ಲಿ ಕಾರ್ಟರ್, 2014ರಲ್ಲಿ ರೀಡ್, 2015ರಲ್ಲಿ ಬ್ರೌನ್ ಒಬ್ಬೊಬ್ಬರಾಗಿ ಒಳಗೆ ಹೋದರು. ಅವರ ಅಂಕಿಗಳು ಆ ವರ್ಷಗಳಲ್ಲಿ ಒಂದಿಷ್ಟೂ ಬದಲಾಗಿರಲಿಲ್ಲ. 2025ರಲ್ಲಂತೂ ಮತದಾನದ ನಿಯಮವನ್ನು ಇನ್ನೂ ಬಿಗಿ ಮಾಡಿದ್ದರಿಂದ, ಬಹಳ ಹಿಂದೆಯೇ ನಿವೃತ್ತರಾದ ಹಿರಿಯರ ಸಾಲಿನಿಂದ ಬಂದ ಶಾರ್ಪ್‌ನೂ ಸೇರಿ ಒಟ್ಟು ನಾಲ್ವರೇ ಆಯ್ಕೆಯಾದರು.

ಸಮಿತಿಯ ತೀರ್ಪುಗಳೆಲ್ಲ ಸರಿಯೆಂದೂ ನಾನು ಹೇಳುತ್ತಿಲ್ಲ. ಪಿಟ್ಸ್‌ಬರ್ಗ್‌ನ ಲಿನ್ ಸ್ವಾನ್ 336 ಕ್ಯಾಚ್‌ಗಳೊಂದಿಗೆ 2001ರಲ್ಲಿ ಒಳಗೆ ಹೋದ. ಹತ್ತನೆಯ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗಿನ ವಾರ್ಷಿಕ ಅಂತಿಮ ಪಂದ್ಯದಲ್ಲಿ, ಅವನು ಗಳಿಸಿದ 161 ಯಾರ್ಡ್‌ಗಳು ಅವನಿಗೆ ಬಾಗಿಲು ತೆರೆದವು. ಅದೇ ವರ್ಷ ಮೊದಲ ಬಾರಿಗೆ ಅರ್ಹನಾದ ಮಾಂಕ್, 940 ಕ್ಯಾಚ್‌ಗಳೊಂದಿಗೆ, 2008ರವರೆಗೆ ಕಾದ. ಓವೆನ್ಸ್ ಯಾರ್ಡ್‌ಗಳಲ್ಲಿ ರೈಸ್‌ನ ನಂತರದ ಸ್ಥಾನದಲ್ಲಿ ನಿವೃತ್ತನಾದರೂ ಮೂರನೆಯ ಪ್ರಯತ್ನದವರೆಗೆ ಕಾಯಬೇಕಾಯಿತು, ಅವನ ಬಾಯಿ ಮತ್ತು ಸ್ವಭಾವವೇ ಅದಕ್ಕೆ ಕಾರಣ. ಆ ಸಿಟ್ಟಿಗೆ 2018ರಲ್ಲಿ ಅವನು ಕ್ಯಾಂಟನ್ ಸಮಾರಂಭಕ್ಕೆ ಹೋಗದೆ ತಾನು ಓದಿದ ಚಟ್ಟನೂಗದಲ್ಲಿ ತನ್ನದೇ ಸಮಾರಂಭ ನಡೆಸಿದ. ಓವೆನ್ಸ್ ಮಾಡಿದ್ದು ಸರಿ ಎಂಬುದು ನನ್ನ ಅಭಿಪ್ರಾಯ, ನಮ್ಮ ಕಚೇರಿಯಲ್ಲಿ ಇದನ್ನು ಒಪ್ಪುವವರು ಯಾರೂ ಇಲ್ಲ.

ಆದರೆ ಶಾರ್ಪ್ ವಿಷಯದಲ್ಲಿ ಸಮಿತಿ ತಪ್ಪು ಮಾಡಿಲ್ಲ. ತಪ್ಪು ಮಾಡಿದ್ದಿದ್ದರೆ, ಇಪ್ಪತ್ತೈದು ವರ್ಷ ತಡ ಮಾಡಿದ್ದೊಂದೇ. 1988ರಿಂದ 1994ರವರೆಗೆ ಗ್ರೀನ್ ಬೇ ತಂಡಕ್ಕೆ ಏಳು ಋತು, 112 ಪಂದ್ಯ, 595 ಕ್ಯಾಚ್. ಕುತ್ತಿಗೆಯ ಗಾಯ ಅಲ್ಲಿಗೆ ಅವನ ಆಟವನ್ನು ನಿಲ್ಲಿಸಿತು. ಆ ಏಳರಲ್ಲಿ ಮೂರು ಋತು ಇಡೀ ಲೀಗಿನಲ್ಲಿ ಅತಿ ಹೆಚ್ಚು ಕ್ಯಾಚ್ ಹಿಡಿದವನು ಅವನೇ. 1992ರಲ್ಲಿ 108 ಕ್ಯಾಚ್, 1,461 ಯಾರ್ಡ್, 13 ಟಚ್‌ಡೌನ್, ಮೂರರಲ್ಲೂ ಮೊದಲಿಗ. ಕೊನೆಯ ಋತುವಿನಲ್ಲಿ 18 ಟಚ್‌ಡೌನ್. ಇದೆಲ್ಲ ನಡೆದದ್ದು ಜೆರ್ರಿ ರೈಸ್ ತನ್ನ ಆಟದ ಉತ್ತುಂಗದಲ್ಲಿದ್ದಾಗ ಎಂಬುದನ್ನು ಗಮನಿಸಿ. ಅವನ ತಮ್ಮ ಶಾನನ್ 2011ರಲ್ಲಿ ಹಾಲ್ ಆಫ್ ಫೇಮ್ ಸೇರುವಾಗ, ತಾನು ತನ್ನ ಮನೆಯಲ್ಲೇ ಎರಡನೆಯ ಉತ್ತಮ ಆಟಗಾರ ಎಂದು ಹೇಳಿದ್ದು ಬರಿಯ ಭ್ರಾತೃಪ್ರೇಮವಲ್ಲ.

ಹೀಗಾಗಿ ನಿಮ್ಮ ಮೂವರನ್ನು ಸರದಿಯಲ್ಲಿ ನಿಲ್ಲಿಸುವ ಮುನ್ನ, ನಿಮ್ಮ ಗೆರೆಯ ಕೆಳಗೆ ಬಿದ್ದುಹೋಗಿರುವ ಒಬ್ಬನನ್ನು ಮೇಲೆತ್ತಿ ಎಂದು ಕೇಳಿಕೊಳ್ಳುತ್ತೇನೆ. ಟೋರಿ ಹೋಲ್ಟ್, 920 ಕ್ಯಾಚ್. ಸೇಂಟ್ ಲೂಯಿಸ್ ರ‍್ಯಾಮ್ಸ್ ಪರವಾಗಿ 2000ದಿಂದ 2005ರವರೆಗೆ ಸತತ ಆರು ಋತುಗಳಲ್ಲಿ 1,300ಕ್ಕೂ ಹೆಚ್ಚು ಯಾರ್ಡ್ ಗಳಿಸಿದವನು. 2000 ಮತ್ತು 2003ರಲ್ಲಿ ಇಡೀ ಲೀಗಿಗೆ ಮೊದಲಿಗ. ಕರ್ಟ್ ವಾರ್ನರ್, ಮಾರ್ಷಲ್ ಫಾಕ್, ಬ್ರೂಸ್ ಅವರಂಥವರ ನಡುವೆ ಆಡಿದರೆ ಯಾರಾದರೂ ಮಿಂಚುತ್ತಾರೆ ಎಂಬ ಆಕ್ಷೇಪವನ್ನು ನಾನೂ ಒಂದು ಕಾಲದಲ್ಲಿ ಹೇಳುತ್ತಿದ್ದೆ. ಆದರೆ 2003ರ ಆ 1,696 ಯಾರ್ಡ್‌ಗಳ ಋತುವಿನಲ್ಲಿ ವಾರ್ನರ್ ಬೆಂಚಿನಲ್ಲಿದ್ದ, ಚೆಂಡು ಎಸೆಯುತ್ತಿದ್ದವನು ಮಾರ್ಕ್ ಬಲ್ಜರ್. 2025ರ ಸಾಲಿನಲ್ಲೂ ಹೋಲ್ಟ್‌ಗೆ ಜಾಗ ಸಿಗಲಿಲ್ಲ. ಅನ್ಯಾಯವೆಂಬ ಮಾತನ್ನು ನೀವು ಬಳಸುವುದಿದ್ದರೆ ಇಲ್ಲಿ ಬಳಸಿ.

ಅವನ ನಂತರ ಸ್ಟೀವ್ ಸ್ಮಿತ್. ಐದಡಿ ಒಂಬತ್ತಂಗುಲದ ಈ ಮನುಷ್ಯ 2005ರಲ್ಲಿ ಕ್ಯಾಚ್, ಯಾರ್ಡ್, ಟಚ್‌ಡೌನ್ ಮೂರರಲ್ಲೂ ಲೀಗಿಗೆ ಮೊದಲಿಗನಾದ; ಎದುರಾಳಿಗಳಿಗೆಲ್ಲ ಚೆಂಡು ಅವನ ಕಡೆಗೇ ಬರುತ್ತದೆಂದು ಗೊತ್ತಿದ್ದೂ ತಡೆಯಲಾಗಲಿಲ್ಲ. ವೇನ್ ಮೂರನೆಯವನು. ಅವನನ್ನು ಮ್ಯಾನಿಂಗ್‌ನ ನೆರಳೆಂದು ಹೇಳುವವರು 2012ರ ಅಕ್ಟೋಬರಿನಲ್ಲಿ ಗ್ರೀನ್ ಬೇ ವಿರುದ್ಧ ನಡೆದ ಪಂದ್ಯವನ್ನು ಹುಡುಕಿ ನೋಡಬೇಕು: ಮ್ಯಾನಿಂಗ್ ತಂಡ ಬಿಟ್ಟುಹೋಗಿದ್ದ, ತರಬೇತುದಾರ ಚಕ್ ಪಗಾನೊ ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆಯಲ್ಲಿದ್ದರು, ಅವರಿಗಾಗಿ ಕಿತ್ತಳೆ ಬಣ್ಣದ ಕೈಗವಸು ತೊಟ್ಟು ಬಂದ ವೇನ್ 13 ಕ್ಯಾಚ್, 212 ಯಾರ್ಡ್ ಗಳಿಸಿ, 3-21ರಿಂದ ಹಿಂದಿದ್ದ ತಂಡವನ್ನು 30-27ಕ್ಕೆ ಗೆಲ್ಲಿಸಿದ. ನನ್ನ ಬಳಿ ಅವನ ಜೆರ್ಸಿಯಿರುವುದರಿಂದ ನನ್ನ ಮಾತನ್ನು ಒಂದಿಷ್ಟು ಅನುಮಾನದಿಂದಲೇ ಓದಿಕೊಳ್ಳಿ.

ವಾರ್ಡ್ ಬೇಡ. ಪಿಟ್ಸ್‌ಬರ್ಗ್ ಅಭಿಮಾನಿಗಳು ನನ್ನನ್ನು ಬೈಯಬಹುದು. ಎರಡು ಸೂಪರ್ ಬೌಲ್ ಗೆದ್ದ ತಂಡದ ಜೀವಾಳ ಅವನು, ನಲವತ್ತನೆಯದರಲ್ಲಿ ಪಂದ್ಯಶ್ರೇಷ್ಠ, ಎದುರಾಳಿಯನ್ನು ಗುದ್ದಿ ದಾರಿ ಮಾಡಿಕೊಡುವುದರಲ್ಲಿ ಅವನಂಥ ರಿಸೀವರ್ ಅಪರೂಪ. ಆದರೆ ಆಲ್-ಪ್ರೊ ಮೊದಲ ತಂಡದಲ್ಲಿ ಅವನು ಒಮ್ಮೆಯೂ ಇರಲಿಲ್ಲ, ಮತ್ತು ಆ ಸಾವಿರವನ್ನು ಅವನು ಮುಟ್ಟಿದ್ದು ಕೊನೆಯ ಋತುವಿನ ಕೊನೆಯ ಲೀಗ್ ಪಂದ್ಯದಲ್ಲಿ. ಆ ದಿನ ಅವನು 999ಕ್ಕೆ ನಿಂತಿದ್ದರೆ ನಿಮ್ಮ ಪಟ್ಟಿಯಲ್ಲಿ ಅವನ ಹೆಸರೇ ಇರುತ್ತಿರಲಿಲ್ಲ, ನನ್ನ ಹಣವೂ ಉಳಿಯುತ್ತಿತ್ತು.

ಪಟ್ಟಿಯನ್ನು ಅಳಿಸಬೇಕಾಗಿಲ್ಲ; ಪ್ರತಿಯೊಬ್ಬನ ಹೆಸರಿನ ಮುಂದೆ, ಅವನು ತನ್ನ ಕಾಲದ ಮೊದಲ ಮೂವರು ರಿಸೀವರ್‌ಗಳಲ್ಲಿ ಒಬ್ಬನಾಗಿದ್ದ ಋತುಗಳೆಷ್ಟು ಎಂಬುದನ್ನು ಬರೆದು, ಅದರ ಮೇಲೆ ಜೋಡಿಸಿ ನೋಡಿ. ಗೆರೆ ಎಳೆಯಬೇಡಿ. ಹಾಗೆ ಜೋಡಿಸುವಾಗ ಜಾಕ್ಸನ್‌ವಿಲ್‌ನ ಜಿಮ್ಮಿ ಸ್ಮಿತ್ ಹೆಸರನ್ನೂ ಸೇರಿಸಿ: 862 ಕ್ಯಾಚ್, 12,287 ಯಾರ್ಡ್, 1999ರಲ್ಲಿ 116 ಕ್ಯಾಚ್‌ಗಳೊಂದಿಗೆ ಲೀಗಿಗೆ ಮೊದಲಿಗ. ಸಣ್ಣ ಊರಿನ ಹೊಸ ತಂಡದಲ್ಲಿ ಆಡಿದ್ದರಿಂದ ಅವನ ಪರವಾಗಿ ಗಟ್ಟಿಯಾಗಿ ಮಾತನಾಡುವವರು ಕಡಿಮೆ. ವಾರ್ಡ್‌ಗಿಂತ ಅವನು ಎಷ್ಟು ಮೇಲೆ ಬಂದು ಕೂರುತ್ತಾನೆ ಎಂಬುದನ್ನು ನೋಡಿದ ಮೇಲೆಯೂ ನಿಮಗೆ ಸಾವಿರವೇ ಸರಿಯೆನಿಸಿದರೆ, ಇಲ್ಲೇ ಉತ್ತರಿಸಿ, ವಾದ ಮುಂದುವರಿಸೋಣ.