ರಿಕರ್ಷನ್‌ಗೆ ಹೆದರಿ ಪೈಥಾನ್ ಬಿಡಬೇಡಿ

ಅಕ್ಕಾರ, ನಮಸ್ಕಾರ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವುದು) ತನಕ ಸರಾಗವಾಗಿ ಬಂತು, ರಿಕರ್ಷನ್ (ಫಂಕ್ಷನ್ ತನ್ನನ್ನೇ ತಾನು ಕರೆಯುವುದು) ವಿಡಿಯೋ ಮೂರು ಸಲ ನೋಡಿದರೂ ತಲೆಗೆ ಹತ್ತಲಿಲ್ಲ, ಬಿ.ಕಾಂ. ಓದಿದವಳಿಗೆ ಇದು ಆಗಿಬರಲ್ಲವೇನೋ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ನಾಲ್ಕನೇ ಸಲ ವಿಡಿಯೋನೂ ನೋಡಬೇಡಿ. ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ.

ಜಮಖಂಡಿ ಕಡೆಯವರು ಅಂದಿರಿ. ಹಾಗಾದರೆ ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಏರಿಸಲು ತಲಾಠಿ (ಊರಿನ ಕಂದಾಯ ಅಧಿಕಾರಿ) ಹತ್ತಿರ ವಂಶಾವಳಿ ಕೊಟ್ಟದ್ದು ನಿಮ್ಮ ಮನೆಯಲ್ಲೂ ನಡೆದಿರುತ್ತದೆ. ಅಂಥದ್ದೇ ಒಂದು ಬರೆಯಿರಿ. ಮೇಲೆ ಅಜ್ಜ. ಕೆಳಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಎರಡು ಮಕ್ಕಳು, ಸಣ್ಣವನಿಗೆ ಒಂದು. ಒಟ್ಟು ಎಷ್ಟು ಮಂದಿ?

ಅಜ್ಜ ತಾನೇ ಎಲ್ಲರನ್ನೂ ಎಣಿಸುವುದಿಲ್ಲ. ಇಬ್ಬರನ್ನೂ ಕರೆದು, "ನಿನ್ನನ್ನು ಹಿಡಿದು ನಿನ್ನ ಕಡೆ ಎಷ್ಟು ಮಂದಿ?" ಅಂತ ಕೇಳುತ್ತಾನೆ. ಅವರೂ ತಮ್ಮ ಮಕ್ಕಳಿಗೆ ಅದೇ ಮಾತು ಕೇಳುತ್ತಾರೆ. ಮೊಮ್ಮಕ್ಕಳಿಗೆ ಮುಂದೆ ಕೇಳಲು ಯಾರೂ ಇಲ್ಲ, "ಒಂದು" ಅನ್ನುತ್ತಾರೆ. ಈಗ ಉತ್ತರ ಮೇಲೆ ಹತ್ತುತ್ತದೆ. ದೊಡ್ಡವನದು 1+1+1, ಅಂದರೆ 3. ಸಣ್ಣವನದು 2. ಅಜ್ಜ ತನ್ನ 1 ಕೂಡಿಸಿದರೆ 6. ಇದೇ ರಿಕರ್ಷನ್. ಒಬ್ಬೊಬ್ಬರೂ ಮಾಡಿದ್ದು ಸಣ್ಣ ಕೂಡುವ ಲೆಕ್ಕ ಅಷ್ಟೇ.

ಬಾಗಲಕೋಟೆಯಲ್ಲಿ ಡಿಪ್ಲೊಮಾ ಓದುವಾಗ ಸಿ ಭಾಷೆಯ ಪಾಯಿಂಟರ್ (ಮೆಮೊರಿಯ ಇನ್ನೊಂದು ಜಾಗದ ನಂಬರ್ ಇಟ್ಟುಕೊಳ್ಳುವಂಥದ್ದು) ನನಗೆ ಹೀಗೇ ಕಾಡಿತ್ತು. ಬಾಯಿಪಾಠ ಮಾಡಿ ಪಾಸಾದೆ, ಅಂಜಿಕೆ ಹಾಗೇ ಉಳಿಯಿತು. ಆಮೇಲೊಂದು ದಿನ ಚೌಕಳಿ ನೋಟ್‌ಬುಕ್‌ನಲ್ಲಿ ಚೌಕಗಳಿಗೆಲ್ಲ ನಂಬರ್ ಹಾಕಿ, ಒಂದು ಚೌಕದೊಳಗೆ ಇನ್ನೊಂದರ ನಂಬರ್ ಬರೆದೆ. ಆಗ ಗೊತ್ತಾಯಿತು. ಎಲ್ಲವನ್ನೂ ತಲೆಯಲ್ಲೇ ಹಿಡಿಯಲು ಹೋದರೆ ಹೆದರಿಕೆ ಜಾಸ್ತಿ ಆಗುತ್ತದೆ, ಹಾಳೆಗೆ ಇಳಿಸಿದರೆ ಕೈಗೆ ಸಿಗುತ್ತದೆ.

ಈಗ ಕೋಡ್. ಪೈಥಾನ್ 3ರಲ್ಲಿ ಫಂಕ್ಷನ್‌ಗೆ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್‌ನ ತುಂಡಿಗೆ) ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. 'ಎಣಿಸು' ಅಂತಲೇ ಇಡಿ. (ಡೆಫ್, ರಿಟರ್ನ್ ಇಂಥ ಪೈಥಾನ್‌ನದೇ ಪದಗಳು ಇಂಗ್ಲಿಷಿನಲ್ಲೇ ಇರಬೇಕು.) ಒಳಗೆ ಮೊತ್ತ 1ರಿಂದ ಶುರು. ಆಮೇಲೆ ಫಾರ್ ಲೂಪ್, ಅದು ನಿಮಗೆ ಬಂದದ್ದೇ ಅಲ್ವಾ? ಪ್ರತಿ ಮಗುವಿಗೂ 'ಎಣಿಸು' ಕರೆದು, ಬಂದದ್ದನ್ನು ಮೊತ್ತಕ್ಕೆ ಕೂಡಿಸಿ. ಕೊನೆಗೆ ಮೊತ್ತ ರಿಟರ್ನ್. ಐದು ಸಾಲು.

ಅಜ್ಜನನ್ನು 'ಎಣಿಸು'ಗೆ ಕೊಟ್ಟು ಓಡಿಸಿ. 6 ಬಂತಾ? ಇನ್ನು ಅದನ್ನು ಬೇಕಂತಲೇ ಕೆಡಿಸಿ. ಲೂಪ್‌ನಲ್ಲಿ ಮಗುವಿನ ಬದಲು ಅದೇ ಮನುಷ್ಯನನ್ನು ಮತ್ತೆ 'ಎಣಿಸು'ಗೆ ಕೊಡಿ. ಅಜ್ಜ ತನ್ನನ್ನೇ ತಾನು ಕೇಳುತ್ತಾ ಕೂರುತ್ತಾನೆ. ಹೀಗೆ ಒಂದರೊಳಗೊಂದು ಕರೆಯಲು ಪೈಥಾನ್‌ನ ಮಾಮೂಲಿ ಮಿತಿ ಸುಮಾರು 1000 ಸಲ. ಅದು ಮುಗಿದ ಕೂಡಲೇ ತಾನೇ ನಿಲ್ಲಿಸಿ 'ರಿಕರ್ಷನ್ ಎರರ್' ತೋರಿಸುತ್ತದೆ. ಕಂಪ್ಯೂಟರ್‌ಗೆ ಏನೂ ಆಗುವುದಿಲ್ಲ. ಎರರ್ ಅನ್ನು ಕೆಳಗಿನಿಂದ ಓದಿ. ಕೊನೇ ಸಾಲಿನಲ್ಲಿ ಏನು ತಪ್ಪು ಅಂತ ಇರುತ್ತದೆ, ಅದರ ಮೇಲೆ ಎಲ್ಲಿ ಅಂತ. ನೀವೇ ಮಾಡಿದ ತಪ್ಪು ನೀವೇ ಹುಡುಕಿ ಸರಿ ಮಾಡಿ. ನಾಲ್ಕು ದಿನ ಇದನ್ನೇ ಮಾಡಿ, ಸಾಕು.

ರಿಕರ್ಷನ್ ಪಾಠಗಳಲ್ಲಿ ಬರುವ ಫ್ಯಾಕ್ಟೋರಿಯಲ್ (1ರಿಂದ ಒಂದು ಸಂಖ್ಯೆಯ ತನಕ ಎಲ್ಲವನ್ನೂ ಗುಣಿಸುವ ಲೆಕ್ಕ) ಸದ್ಯಕ್ಕೆ ಮುಟ್ಟಬೇಡಿ. ಹೊಸಬರಿಗೆ ಅದರಿಂದ ಶುರು ಮಾಡುವುದೇ ನನಗೆ ಸರಿ ಕಾಣಲ್ಲ. ಲೂಪ್‌ನಲ್ಲೇ ಸುಲಭವಾಗಿ ಆಗುವ ಲೆಕ್ಕ ಅದು, ರಿಕರ್ಷನ್ ಯಾಕೆ ಬೇಕು ಅನ್ನೋದೇ ತಿಳಿಯಲ್ಲ.

ಆಮೇಲೆ ನಿಮ್ಮದೇ ಮನೆತನವನ್ನು ಮುತ್ತಜ್ಜನಿಂದ ಹಾಕಿ ಓಡಿಸಿ. ಲೆಕ್ಕ ತಾಳೆ ಆಗದಿದ್ದರೆ ಕೋಡ್ ಜೊತೆ ಹಾಳೆಯ ಫೋಟೋನೂ ಇಲ್ಲಿ ಹಾಕಿ, ಮನೆಯವರ ಹೆಸರು ಮುಚ್ಚಿ. ಸಂಜೆ ಕೂತು ನೋಡುತ್ತೇನೆ.